ಎರಡು ಮಳೆಗಾಲ, ಒಂದೂ ಕಮಾನ್ ಕಟ್ ಇಲ್ಲ

ಗಾಡಿಯ ಹಿಂದಿನ ಕಮಾನಿಗೆ, ಅಂದರೆ ಉಕ್ಕಿನ ಪಟ್ಟಿ (ಪ್ಲೇಟ್) ಜೋಡಿಸಿದ ಸ್ಪ್ರಿಂಗಿಗೆ, ಹಾಕಿಸಿದ್ದ ಎಕ್ಸ್‌ಟ್ರಾ ಪ್ಲೇಟ್ ತೆಗೆಸುತ್ತೇನೆ ಅಂದಾಗ ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಎಲ್ಲರೂ ಬೇಡ ಅಂದರು. 'ಮಾಸ್ತಿಕಟ್ಟೆ ರೋಡಿಗೆ ಪ್ಲೇಟ್ ಹಾಕಿಸ್ತಾರೆ ಮಾರಾಯ, ತೆಗೆಸ್ತಾರಾ?' ಅಂತ ಕೇಳಿದರು. ಈಗ ಎರಡು ಮಳೆಗಾಲ ಕಳೆದಿದೆ. ಒಂದು ಸಲವೂ ಕಮಾನ್ ಕಟ್ ಆಗಿಲ್ಲ.

ನನ್ನದು ಮುಕ್ಕಾಲು ಟನ್ ಗಾಡಿ. ಯಡೂರು, ಮಾಸ್ತಿಕಟ್ಟೆ, ನಗರ ಕಡೆಯ ಅಂಗಡಿಗಳಿಗೆ ದಿನಸಿ, ಹಿಂಡಿ ಹಾಕುವ ಕೆಲಸ. ಒಳರಸ್ತೆ ಸೇರಿ ದಿನಕ್ಕೆ 120 ಕಿ.ಮೀ. ಆಸುಪಾಸು. ಮಳೆ ಹಿಡಿದರೆ ಡಾಂಬರು ಎದ್ದು ಬರೀ ಜಲ್ಲಿ.

ಮೊದಲು ಮೂರ್ನಾಲ್ಕು ತಿಂಗಳಿಗೊಮ್ಮೆ ಹಿಂದಿನ ಮೇನ್ ಪ್ಲೇಟ್ (ಕಮಾನಿನ ಉದ್ದದ ಮುಖ್ಯ ಪಟ್ಟಿ) ಮುರಿದು ಹೋಗುತ್ತಿತ್ತು. ಸಾಮಾನು, ಕೂಲಿ ಸೇರಿ ಮೂರು ಸಾವಿರದ ಮೇಲೆ. ಆ ದಿನದ ಬಾಡಿಗೆ 1,800 ಬೇರೆ ಹೋಗುತ್ತಿತ್ತು. ಎಲ್ಲರ ಹಾಗೆ ನಾನೂ ಒಂದು ಪ್ಲೇಟ್ ಜಾಸ್ತಿ ಹಾಕಿಸಿದೆ. ಗಾಡಿ ಕಲ್ಲಿನ ಹಾಗೆ ಆಯಿತು. ಪೆಟ್ಟೆಲ್ಲ ಚಾಸಿಗೆ (ಗಾಡಿಯ ಕೆಳಗಿನ ಚೌಕಟ್ಟಿಗೆ) ಬಿತ್ತು. ಎಂಟು ತಿಂಗಳಿಗೆ ಚಾಸಿ ಬಿರುಕು ಬಿಟ್ಟಿತು. ಬಾಡಿ ಇಳಿಸಿ, ವೆಲ್ಡಿಂಗ್ ಮಾಡಿಸಿ, ಮತ್ತೆ ಕೂರಿಸುವುದಕ್ಕೆ ಸುಮಾರು ಹನ್ನೊಂದು ಸಾವಿರ. ನಾಲ್ಕು ದಿನ ಗಾಡಿ ನಿಂತಿತ್ತು. ಕೈಯಲ್ಲಿ ಡೀಸೆಲ್‌ಗೂ ದುಡ್ಡಿರಲಿಲ್ಲ.

ಆಗಲೇ ಎಕ್ಸ್‌ಟ್ರಾ ಪ್ಲೇಟ್ ತೆಗೆಸಲು ಹೊರಟೆ. ಮೊದಲು ಮುರಿದಿದ್ದ ಪ್ಲೇಟುಗಳನ್ನು ಸಾಲಾಗಿ ಇಟ್ಟು ನೋಡಿದೆ. ಎಲ್ಲವೂ ಪ್ಲೇಟುಗಳನ್ನು ನಡುವೆ ಸೇರಿಸುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರವೇ ಮುರಿದಿದ್ದವು. ಕಮಾನನ್ನು ಆಕ್ಸಲ್ಲಿಗೆ ಬಿಗಿದಿಡುವ ಯೂ ಬೋಲ್ಟ್ ಸಡಿಲ ಆಗಿದ್ದೇ ಕಾರಣ. ಹೊಸ ಪ್ಲೇಟ್ ಹಾಕಿಸಿ ನಾವು ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ? ಈಗ ಮರುದಿನವೇ, ಲೋಡ್ ಇರುವಾಗಲೇ, ಯೂ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡುತ್ತೇನೆ. ಆಮೇಲೆ ಪ್ರತಿ ಭಾನುವಾರ. ಹತ್ತು ನಿಮಿಷ ಸಾಕು.

ಇನ್ನೊಂದು ತಪ್ಪು ಲೋಡಿಂಗ್‌ನಲ್ಲಿತ್ತು. ಇಳಿಸಲು ಸುಲಭ ಅಂತ ಹಿಂಡಿ ಚೀಲಗಳನ್ನು ಹಿಂದಿನ ಬಾಗಿಲಿಗೆ ಒತ್ತಿ, ಚಕ್ರದಿಂದಾಚೆ ಇಡುತ್ತಿದ್ದೆ. ಗುಂಡಿ ಬಂದಾಗಲೆಲ್ಲ ಆ ಭಾರ ಚಾಸಿಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಈಗ ಹಿಂಡಿ, ಅಕ್ಕಿ, ಸಕ್ಕರೆ ಕ್ಯಾಬಿನ್ ಕಡೆಗೆ. ಬಿಸ್ಕತ್ತು, ಚಿಪ್ಸ್ ಹಿಂದೆ. ಚೀಲ ಇಳಿಸಲು ಬಾಡಿಯ ಪಕ್ಕದಲ್ಲಿ ಒಂದು ಬಾಗಿಲು ಮಾಡಿಸಿದೆ. ನಾಲ್ಕು ಸಾವಿರ ಆಯಿತು. ಹತ್ತು ಚೀಲಕ್ಕಿಂತ ಜಾಸ್ತಿ ಹತ್ತಿಸುವುದಿಲ್ಲ. ಡೀಲರ್ ಗೊಣಗಿದರು, ನಾನು ಬಗ್ಗಲಿಲ್ಲ.

ನಡುವೆ ಟೈರಿನ ಗಾಳಿ ಐದಾರು ಪಾಯಿಂಟ್ ಇಳಿಸಿಯೂ ನೋಡಿದ್ದೆ. ಕುಲುಕಾಟವೇನೋ ಕಡಿಮೆ ಆಯಿತು. ಆದರೆ ಜಲ್ಲಿ ಪಕ್ಕ ಕೊಯ್ದು ಎರಡು ಟೈರ್ ಹೋದವು. ದಯವಿಟ್ಟು ಯಾರೂ ಮಾಡಬೇಡಿ.

ಕಮಾನಿನ ತುದಿಯ ಬುಷ್‌ಗೆ (ಪಿನ್ ಕೂರುವ ಕೊಳವೆಗೆ) ಹಾಕುವ ಗ್ರೀಸಿಗೆ ನಾನು ಒಂದು ವಸ್ತು ಬೆರೆಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ತೆಗೆಸಿದ ಪ್ಲೇಟನ್ನು ಕುಲುಮೆಗೆ ಕೊಟ್ಟು ಎರಡು ಕತ್ತಿ ಮಾಡಿಸಿದ್ದೇನೆ. ಸೊಪ್ಪು ಕಡಿಯಲು ಒಳ್ಳೆ ಹರಿತ.