ಹಳೆಯ ಡೀಸೆಲ್ ಎಂಜಿನ್ ಎಷ್ಟು ಸವೆದಿದೆ? ಬಿಚ್ಚದೆ ತಿಳಿಯುವುದು ಹೀಗೆ

ಸೈಲೆನ್ಸರಿನಲ್ಲಿ ಹೊಗೆ ಕಂಡ ಕೂಡಲೇ ‘ಎಂಜಿನ್ ಹೋಯ್ತು’ ಎಂದುಬಿಡುವವರು ಜಾಸ್ತಿ. ಆ ಒಂದು ಮಾತು ನಂಬಿ ಎಂಜಿನ್ ಬಿಚ್ಚಿಸಬೇಡಿ. ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ), ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಸವೆದಿವೆಯೇ ಎಂಬುದು ಬಿಚ್ಚದೆಯೇ ಬಹುಮಟ್ಟಿಗೆ ಗೊತ್ತಾಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಹಳೆಯ ಕಾರು ಕೊಳ್ಳಲು ಹೋಗಿದ್ದರೆ ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುವುದೇ ಒಳ್ಳೆಯದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಅಲ್ವಾ? ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ರಿಂಗ್ ಸವೆದು ಗಾಳಿ ಸೋರಿದರೆ ಆ ಬಿಸಿ ಸಾಲುವುದಿಲ್ಲ. ಆಗ ಬೆಳಿಗ್ಗೆ ಸೆಲ್ಫ್ ತುಂಬಾ ಹೊತ್ತು ಹೊಡೆಯಬೇಕಾಗುತ್ತದೆ. ತಣ್ಣನೆಯ ಎಂಜಿನ್ನನ್ನು ಒಳಗಿನಿಂದ ಬಿಸಿಮಾಡುವ ಗ್ಲೋ ಪ್ಲಗ್ ಕೆಟ್ಟರೂ, ಬ್ಯಾಟರಿ ಸೊರಗಿದರೂ ಇದೇ ತೊಂದರೆ. ಹಾಗಾಗಿ ಆ ಎರಡನ್ನು ಮೊದಲು ನೋಡಿಸಿ.

ಸ್ಟಾರ್ಟ್ ಆದ ಮೇಲೆ ಹೊಗೆಯ ಬಣ್ಣ ಗಮನಿಸಿ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಕಾರಣ ಇರಬಹುದು. ಕಪ್ಪು ಹೊಗೆ ಹೆಚ್ಚಾಗಿ ಏರ್ ಫಿಲ್ಟರ್, ಇಂಜೆಕ್ಟರ್‌ಗಳ ದೂರು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಕಡಿಮೆಯಾಗುತ್ತಿದೆಯೇ ನೋಡಿ.

ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಪ್ಪಗಿದ್ದರೆ ಹೆದರಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಕೆನೆಯಂತೆ ಬೆಳ್ಳಗಾಗಿದ್ದರೆ, ಲೋಹದ ಮಿನುಗು ಇದ್ದರೆ, ಇಲ್ಲವೇ ಆಯಿಲ್ ಹಾಕದೆ ಮಟ್ಟ ಏರಿದ್ದರೆ ಮಾತ್ರ ಚಿಂತಿಸಬೇಕು.

ನನಗೆ ಹೊಗೆಗಿಂತ ಜಾಸ್ತಿ ನಂಬಿಕೆ ಇರುವುದು ಬ್ಲೋ-ಬೈ, ಅಂದರೆ ರಿಂಗ್ ದಾಟಿ ಕೆಳಗೆ ಸೋರುವ ಗಾಳಿಯ ಪರೀಕ್ಷೆಯ ಮೇಲೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿ ಓಡುತ್ತಿರಲಿ. ಬೆಲ್ಟಿಗೆ ಕೈ, ಬಟ್ಟೆ ತಾಗದಂತೆ ನಿಂತು ಆಯಿಲ್ ಹಾಕುವ ಕ್ಯಾಪ್ ನಿಧಾನವಾಗಿ ಬಿಚ್ಚಿ, ತೂತಿನ ಮೇಲೆ ಸುಮ್ನೆ ತಲೆಕೆಳಗಾಗಿ ಇಡಿ. ತುಸು ಅಲುಗಿದರೆ ಪರವಾಗಿಲ್ಲ, ಹಳೆಯ ಎಂಜಿನ್‌ಗಳಲ್ಲಿ ಅಷ್ಟು ಇದ್ದದ್ದೇ. ಕ್ಯಾಪ್ ಕುಣಿದು ಕೆಳಗೆ ಬಿದ್ದು, ಹೊಗೆ ಬುಸುಬುಸು ಎಂದು ಒತ್ತಿ ಬಂದರೆ ಉರಿದ ಗಾಳಿ ರಿಂಗ್ ದಾಟಿ ಕೆಳಗಿಳಿಯುತ್ತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಆದರೂ ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಇನ್ನು ಕಂಪ್ರೆಷನ್ ಪರೀಕ್ಷೆ, ಅಂದರೆ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಎಷ್ಟು ಏರುತ್ತದೆ ಎಂದು ಅಳೆಯುವುದು. ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಪೆಟ್ರೋಲ್ ಎಂಜಿನ್ನಿನ ಗೇಜ್ ಇಲ್ಲಿ ನಡೆಯದು, ಒತ್ತಡ ಅಷ್ಟು ಹೆಚ್ಚು. ಡೀಸೆಲ್ ಗೇಜನ್ನು ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಇರುವ ತೂತಿಗೆ ಕೂರಿಸಿ, ಡೀಸೆಲ್ ಬರುವುದನ್ನು ನಿಲ್ಲಿಸಿ, ಸೆಲ್ಫ್ ಹೊಡೆದು ಒಂದೊಂದೇ ಸಿಲಿಂಡರ್ ಅಳೆಯುತ್ತಾರೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಚೆನ್ನಾಗಿರುವ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಒತ್ತಡ ಸಿಗುತ್ತದೆ. ನಿಖರ ಮಿತಿ ಆಯಾ ಎಂಜಿನ್ನಿನ ಮ್ಯಾನುಯಲ್‌ನಲ್ಲಿರುತ್ತದೆ. ಎಲ್ಲ ಸಿಲಿಂಡರ್‌ಗಳೂ ಹೆಚ್ಚುಕಡಿಮೆ ಸಮ ಇವೆಯೇ ಎಂಬುದೂ ಅಷ್ಟೇ ಮುಖ್ಯ.

ಕಂಪ್ರೆಷನ್ ಕಡಿಮೆ ಬಂದಾಗ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ಅಳೆಯುವ ರೂಢಿ ಪೆಟ್ರೋಲ್ ಎಂಜಿನ್ನಿಗೆ ಸರಿ, ಡೀಸೆಲ್‌ಗೆ ಬೇಡ. ಪಿಸ್ಟನ್ ಮೇಲೆ ಜಾಗ ತೀರಾ ಕಡಿಮೆ. ಗಾಳಿಯಂತೆ ಆಯಿಲ್ ಒತ್ತಿದರೆ ಕುಗ್ಗದು, ಜಾಸ್ತಿಯಾದರೆ ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗಬಹುದು. ಅದರ ಬದಲು ಸಿಲಿಂಡರಿಗೆ ಹೊರಗಿನಿಂದ ಗಾಳಿ ತುಂಬಿಸಿ ಕಿವಿಗೊಡಲು ಹೇಳಿ. ಆಯಿಲ್ ಕ್ಯಾಪ್ ಬಳಿ ಗಾಳಿ ಜೋರಾಗಿ ಸುಯ್ಯೆಂದರೆ ರಿಂಗ್ ಅಥವಾ ಬೋರ್, ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನಲ್ಲಿ ಬಿರುಕು.