ಎರಡು ತಾರೀಖಿನ ಜಿಲ್ಲೆಯಲ್ಲಿ ಆಗಸ್ಟ್ 15ರ ರಸಪ್ರಶ್ನೆ

ಕೊಪ್ಪಳ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಆಗಸ್ಟ್ 15ರಂದು ಪ್ರಭಾತ್ ಫೇರಿ, ಝಂಡಾ ವಂದನೆ, ಭಾಷಣ ಎಲ್ಲ ಮುಗಿದು ಮಕ್ಕಳ ಕೈಗೆ ಲಾಡು ಬಂದ ಮೇಲೆ ರಸಪ್ರಶ್ನೆ ನಡೆಸುವುದು ನನ್ನ ಪಾಲಿನ ಕೆಲಸ. ಪ್ರಶ್ನೆಗಳನ್ನು ನಾನೇ ತಯಾರಿಸುತ್ತೇನೆ. ಹೇಗೆ ಮಾಡ್ತೀರಿ ಎಂದು ಅಕ್ಕಪಕ್ಕದ ಶಾಲೆಯ ಶಿಕ್ಷಕರು ಆಗಾಗ ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಪ್ರಶ್ನೆಗಳಿಗೇನೂ ಬರವಿಲ್ಲ. ಮೊದಲ ಪ್ರಧಾನಿ ಯಾರು, ರಾಷ್ಟ್ರಗೀತೆ ಬರೆದವರು ಯಾರು. ಬಾಯಿಪಾಠ ಮಾಡಿದವರು ಥಟ್ಟನೆ ಹೇಳುತ್ತಾರೆ, ಮಾಡದವರು ‘ಪಾಸ್’ ಎನ್ನುತ್ತಾರೆ, ನಡುವೆ ಯಾರೂ ತಲೆ ಓಡಿಸುವುದಿಲ್ಲ. ನನಗೆ ಬೇಕಾದದ್ದು ಉತ್ತರ ಗೊತ್ತಿಲ್ಲದ ಹುಡುಗಿಯೂ ಗೊತ್ತಿರುವುದನ್ನೆಲ್ಲ ಜೋಡಿಸಿಕೊಂಡು ಮುಟ್ಟಬಹುದಾದ ಪ್ರಶ್ನೆ. ಅಂಥ ಪ್ರಶ್ನೆಗಳಿಗೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ನೆಲ ಇನ್ನೊಂದಿಲ್ಲ ಅನ್ನುವುದು ನನ್ನ ನಂಬಿಕೆ.

ಕಾರಣ ಇಷ್ಟೇ. 1947ರ ಆಗಸ್ಟ್ 15ರಂದು ಕೊಪ್ಪಳ, ರಾಯಚೂರು ಭಾರತಕ್ಕೆ ಸೇರಿರಲಿಲ್ಲ. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ, ಹೊಸಪೇಟೆ ಮದ್ರಾಸ್ ಪ್ರಾಂತ್ಯದವು, ಮುಂಡರಗಿ ಮುಂಬಯಿ ಪ್ರಾಂತ್ಯದ್ದು. ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದು: ‘ಆವತ್ತು ಹೊಸಪೇಟೆಯಲ್ಲಿ ಝಂಡಾ ಹಾರಿತು. ಹೊಳೆ ದಾಟಿ ಈ ಕಡೆ ಬಂದು ಹಾರಿಸಿದವರನ್ನು ಪೊಲೀಸರು ಯಾಕೆ ಹಿಡಿಯುತ್ತಿದ್ದರು?’ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಬಂಧನಕ್ಕೊಳಗಾದದ್ದು ಅದೇ ಆಗಸ್ಟ್ 15ರಂದು.

ಮೊದಲ ಸಲ ಕೇಳಿದಾಗ ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಹಂಗಾದ್ರ ನಮಗ ಅವತ್ತು ಸ್ವಾತಂತ್ರ್ಯ ಬಂದಿಲ್ಲೇನ್ರಿ ಸರ?’ ಎಂದ. ಇಡೀ ಮೈದಾನ ಸುಮ್ಮನಾಗಿ ಕೇಳಿಸಿಕೊಂಡಿತು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದಲ್ಲಿ ಭಾರತದ ಸೇನೆ ಸಂಸ್ಥಾನದ ಒಳಬಂದದ್ದು, 17ಕ್ಕೆ ನಿಜಾಮರು ಶರಣಾದದ್ದು ಆವತ್ತು ಆ ಮಕ್ಕಳಿಗೆ ತಮ್ಮ ಮನೆಯ ಸುದ್ದಿಯಾಯಿತು.

ಆಮೇಲೆ ಡ್ಯಾಮಿನ ಪ್ರಶ್ನೆ. ತುಂಗಭದ್ರಾ ಅಣೆಕಟ್ಟನ್ನು ನೋಡದ ಮಗು ನಮ್ಮಲ್ಲಿಲ್ಲ. 1945ರ ಫೆಬ್ರವರಿ 28ರಂದು ಅದಕ್ಕೆ ಹೊಳೆಯ ಎರಡೂ ದಡಗಳಲ್ಲಿ ಅಡಿಗಲ್ಲು ಬಿತ್ತು, ಯಾಕೆ? ಎಡದಂಡೆ ನಿಜಾಮರದು, ಬಲದಂಡೆ ಮದ್ರಾಸಿನದು, ಕೆಲಸ ಜಂಟಿ. ಹಾಗಾದರೆ 1947ರ ಆಗಸ್ಟ್ 15ರ ಬೆಳಿಗ್ಗೆ ಇನ್ನೂ ಕಟ್ಟುತ್ತಿದ್ದ ಆ ಡ್ಯಾಮಿನ ಒಂದು ತುದಿ ಸ್ವತಂತ್ರ ಭಾರತದಲ್ಲಿ, ಇನ್ನೊಂದು ತುದಿ ನಿಜಾಮರಲ್ಲಿ. ಇದನ್ನು ಎರಡು ಮೆಟ್ಟಿಲಲ್ಲಿ ಕೇಳುತ್ತೇನೆ. ಮೊದಲನೆಯದಕ್ಕೆ 5 ಅಂಕ, ಎರಡನೆಯದಕ್ಕೆ 10. ಒಂದೇ ಏಟಿಗೆ ಕೇಳಿದರೆ ಮಕ್ಕಳು ಹೆದರುತ್ತಾರೆ.

ಇನ್ನೊಂದು ಬಗೆ, ಎರಡು ತಾರೀಖು ಎದುರುಬದುರು ಇಟ್ಟರೆ ಉತ್ತರ ತಾನಾಗಿ ಬರುವಂಥದ್ದು. ‘ಕೊಪ್ಪಳ ಸ್ವತಂತ್ರವಾದದ್ದನ್ನು ಗಾಂಧೀಜಿ ನೋಡಿದರೇ?’ 1948ರ ಜನವರಿ 30 ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 17 ಈಗಷ್ಟೇ ಗೊತ್ತಾಗಿದೆ. ಇಲ್ಲ ಎಂಬ ಉತ್ತರ ಹೇಳುವಾಗ ಮಕ್ಕಳ ದನಿ ಇಳಿಯುತ್ತದೆ, ಅದನ್ನು ಪ್ರತಿವರ್ಷ ಗಮನಿಸಿದ್ದೇನೆ. ಅದರ ಬೆನ್ನಿಗೆ, ಆ ಸೆಪ್ಟೆಂಬರ್ 17ರಂದು ದೇಶದ ಗವರ್ನರ್ ಜನರಲ್ ಯಾರು? ಮೌಂಟ್‌ಬ್ಯಾಟನ್ ಎಂದು ಕೂಗುವವರೇ ಹೆಚ್ಚು. ಅವರು ಆ ಜೂನ್‌ನಲ್ಲೇ ಹೋಗಿ ರಾಜಾಜಿ ಬಂದಿದ್ದರು.

ಹಬ್ಬಕ್ಕೆ ವಾರ ಇರುವಾಗ ಮಕ್ಕಳಿಗೆ, ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ನಿಜಾಮರ ಹಾಲಿ ಸಿಕ್ಕಾ ನಾಣ್ಯ, ಗಡಿಯಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಕರೋಡಗಿರಿ ನಾಕಾ, ನಿಜಾಮರ ಪರ ನಿಂತಿದ್ದ ಖಾಸಗಿ ಪಡೆಯಾದ ರಜಾಕಾರರಿಗೆ ಹೆದರಿ ಗಡಿಯಾಚೆ ಹೋಗಿದ್ದು, ನಿಜಾಮರ ವಿರುದ್ಧದ ಹೋರಾಟಗಾರರ ಮುಂಡರಗಿ ಶಿಬಿರ, ಅದನ್ನು ನಡೆಸಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಹೀಗೆ ಮಾತು ಹರಿದು ಬರುತ್ತದೆ. ಮನೆಯ ಕಥೆಗಳನ್ನು ಕಥೆಯಾಗಿಯೇ ವೇದಿಕೆಯಲ್ಲಿ ಹೇಳಿಸುತ್ತೇನೆ, ಅಂಕ ಹಾಕುವುದಿಲ್ಲ. ಪುಸ್ತಕದ ಆಧಾರ ಸಿಕ್ಕಿದ್ದು ಮಾತ್ರ ಪ್ರಶ್ನೆಯಾಗುತ್ತದೆ.

ರಜಾಕಾರರ ಮಾತು ಬಂದಾಗ ಒಂದು ಎಚ್ಚರ ಬೇಕೇ ಬೇಕು. ನಮ್ಮ ಕ್ಲಾಸಿನಲ್ಲಿ ಎಲ್ಲ ಮನೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ರಜಾಕಾರರ ನಾಯಕ ಖಾಸಿಂ ರಜ್ವಿಯ ಹೆಸರು ಕೇಳುವ ಸುತ್ತಿನಲ್ಲೇ ಶೋಯೆಬುಲ್ಲಾ ಖಾನರ ಹೆಸರನ್ನೂ ಕೇಳುತ್ತೇನೆ. ಹೈದರಾಬಾದ್ ಭಾರತಕ್ಕೆ ಸೇರಬೇಕೆಂದು ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯಲ್ಲಿ ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ರಜಾಕಾರರು ಆ ತರುಣ ಸಂಪಾದಕರನ್ನು ಕೊಂದರು. ಈ ಪ್ರಶ್ನೆಯನ್ನು ನಾನು ಯಾವ ವರ್ಷವೂ ಕೈಬಿಟ್ಟಿಲ್ಲ, ಬಿಡುವುದೂ ಇಲ್ಲ.

ದೇಶದ ಪ್ರಶ್ನೆಗಳೂ ಇರುತ್ತವೆ, ಅವುಗಳಲ್ಲಿ ತಪಾಸಣೆ ಇನ್ನೂ ಬಿಗಿ. ಕೆಂಪುಕೋಟೆಯ ಮೇಲೆ ನೆಹರೂ ಮೊದಲ ಸಲ ಧ್ವಜ ಹಾರಿಸಿದ್ದು ಯಾವತ್ತು? ಜನರ ಬಾಯಲ್ಲಿ ಆಗಸ್ಟ್ 15. ಆದದ್ದು 16. ಭಾರತ-ಪಾಕಿಸ್ತಾನದ ಗಡಿರೇಖೆ ಪ್ರಕಟವಾದದ್ದೂ ಸ್ವಾತಂತ್ರ್ಯ ಬಂದ ಮೇಲೆ, ಆಗಸ್ಟ್ 17ಕ್ಕೆ. ಎರಡು ಬೇರೆ ಬೇರೆ ಪುಸ್ತಕಗಳಲ್ಲಿ ನೋಡಿ, ಪುಟದ ಸಂಖ್ಯೆಯನ್ನು ಪ್ರಶ್ನೆಯ ಪಕ್ಕದಲ್ಲೇ ಪೆನ್ಸಿಲ್ಲಿನಿಂದ ಬರೆದಿಡುತ್ತೇನೆ. ಊರಿನ ಹಿರಿಯರು ಸಭೆಯಲ್ಲಿ ತಕರಾರು ತೆಗೆದರೆ ಪುಸ್ತಕ ತೆಗೆದು ತೋರಿಸಬೇಕು, ‘ನಾನು ಹೇಳಿದ್ದೇ ಸರಿ’ ಎಂದರೆ ನಡೆಯುವುದಿಲ್ಲ.

ನಡೆಸುವ ರೀತಿ ಸರಳ. ನಾಲ್ವರ ತಂಡ, ಪ್ರತಿ ತಂಡದಲ್ಲೂ ಮೂರು ತರಗತಿಯ ಮಕ್ಕಳು ಬೆರೆತಿರಬೇಕು. ಗಂಟೆ ಒತ್ತುವ ಸುತ್ತು ಇಡುವುದಿಲ್ಲ, ಅದರಲ್ಲಿ ಗಟ್ಟಿಗರು ಮಾತ್ರ ಮಾತಾಡುತ್ತಾರೆ. ಉತ್ತರವನ್ನು ಪಾಟಿಯ ಮೇಲೆ ಬರೆದು ಒಟ್ಟಿಗೆ ಎತ್ತಿ ತೋರಿಸಬೇಕು. ಹಿಂದಿನ ಸಾಲಿನಲ್ಲಿ ಮಾತೇ ಆಡದ ಮಕ್ಕಳ ಪಾಟಿಯಲ್ಲಿ ಸರಿಯುತ್ತರ ಕಂಡಾಗ ಆಗುವ ಸಂತೋಷಕ್ಕಾಗಿಯೇ ನಾನು ಈ ಪದ್ಧತಿ ಹಿಡಿದದ್ದು.

ಎರಡು ತಂಡ ಸಮಸಮ ಬಂದರೆ ಕೊನೆಯ ಪ್ರಶ್ನೆ ಒಂದು ಲೆಕ್ಕ: ದೇಶಕ್ಕಿಂತ ಎಷ್ಟು ದಿನ ತಡವಾಗಿ ನಮ್ಮೂರು ಸ್ವತಂತ್ರವಾಯಿತು? ವರ್ಷಕ್ಕೆ 365 ಹಿಡಿದು ಮೇಲಿನ 33 ಕೂಡಿಸಿ 398 ಎಂದು ಬರೆದವರಿಗೆ ಅರ್ಧ ಅಂಕ. 1948 ಅಧಿಕ ವರ್ಷ ಎಂದು ನೆನಪಿಟ್ಟು ಫೆಬ್ರವರಿ 29ನ್ನೂ ಸೇರಿಸಿದವರು 399 ಬರೆಯುತ್ತಾರೆ, ಬಹುಮಾನದ ಪುಸ್ತಕಗಳು ಅವರಿಗೆ ಹೋಗುತ್ತವೆ.