ಹಿಕರಿ ಬಿಲ್ಲು: ಮರ ಕಡಿದು ಒಣಗಿಸಿದ ನನ್ನ ಅನುಭವ

ಅಮೆರಿಕದ ಒಹಾಯೋ ರಾಜ್ಯದ ಆಗ್ನೇಯ ಭಾಗದ ಗುಡ್ಡಗಳಲ್ಲಿ ಹಿಕರಿ ಎಂಬ ಗಟ್ಟಿ ಮರಕ್ಕೆ ಬರವಿಲ್ಲ. ಆದರೂ ಇಲ್ಲಿ ಬಿಲ್ಲು ಮಾಡುವ ಬಹುತೇಕರು ನೂರು ಡಾಲರಿಗೂ ಮೇಲೆ ತೆತ್ತು ಒಸೇಜ್ ಎಂಬ ಇನ್ನೊಂದು ಮರದ ಸೀಳುಗಳನ್ನೇ (ಬಿಲ್ಲು ಕೆತ್ತಲು ಉದ್ದಕ್ಕೆ ಸೀಳಿದ ತುಂಡುಗಳನ್ನೇ) ತರಿಸುತ್ತಾರೆ. ಹಿಕರಿ ಗಾಳಿಯ ತೇವವನ್ನು ಕುಡಿಯುತ್ತದೆ, ಹೆದೆ ಇಳಿಸಿದ ಮೇಲೂ ಬಾಗಿಯೇ ಉಳಿಯುತ್ತದೆ, ಬಾಣಕ್ಕೆ ವೇಗ ಕೊಡುವುದಿಲ್ಲ ಎಂಬುದು ಅವರ ದೂರು. ಸರಿಯಾಗಿ ಒಣಗದ ಹಿಕರಿಯ ಮಟ್ಟಿಗೆ ಆ ಮಾತು ನಿಜವೇ. ಆದರೆ ನಾನು ಮಾಡಿದ 67 ಅಂಗುಲದ ಚಪ್ಪಟೆ ಬಿಲ್ಲು, 28 ಅಂಗುಲ ಹೆದೆ ಎಳೆಯಲು 48 ಪೌಂಡಿನಷ್ಟು ಬಲ ಬೇಡುವಂಥದ್ದು, ಕಳೆದ ಜುಲೈ ಮತ್ತು ಆಗಸ್ಟಿನ ಬೆವರಿಳಿಯುವ ದಿನಗಳನ್ನು ದಾಟಿಯೂ ಅರ್ಧ ಅಂಗುಲಕ್ಕಿಂತ ಹೆಚ್ಚು ಬಾಗು ಹಿಡಿಯಲಿಲ್ಲ. ಹಿಕರಿ ಎಂದಾಗ ನಕ್ಕವರೇ ಈಗ ವಿಧಾನ ಕೇಳುತ್ತಿದ್ದಾರೆ.

ಮೊದಮೊದಲು ಅನುಭವಿಗಳ ಸಲಹೆಯಂತೆ ಚಳಿಗಾಲದಲ್ಲಿ ಕಡಿಯುತ್ತಿದ್ದೆ. ಆ ಕಾಲದಲ್ಲಿ ತೊಗಟೆ ಮರವನ್ನು ಕಚ್ಚಿಕೊಂಡಿರುತ್ತದೆ. ಬಿಲ್ಲಿನ ಬೆನ್ನಿನ, ಅಂದರೆ ಬಿಲ್ಲುಗಾರನಿಂದ ಆಚೆಗಿರುವ ಬದಿಯ, ಎಳೆ ಕಡಿಯದಂತೆ ಒಳತೊಗಟೆಯನ್ನು ಡ್ರಾನೈಫ್ ಎಂಬ ಎರಡು ಹಿಡಿಯ ಕತ್ತಿಯಿಂದ ಹೆರೆಯುವುದರಲ್ಲೇ ಒಂದೊಂದು ಸೀಳಿಗೆ ಅರ್ಧ ದಿನ ಹೋಗುತ್ತಿತ್ತು. ಬೇಸತ್ತು ತೊಗಟೆ ಸಹಿತವೇ ಶೆಡ್ಡಿನಲ್ಲಿ ಪೇರಿಸಿಟ್ಟ ಸೀಳುಗಳಿಗೆ ಬೇಸಿಗೆಯ ಹೊತ್ತಿಗೆ ಕೊರಕ ಹುಳು ಬಿದ್ದು ಹಿಟ್ಟು ಉದುರತೊಡಗಿತು. ಮರಕ್ಕೆ, ಸಾಗಣೆಗೆ ಸುರಿದ ಇನ್ನೂರು ಡಾಲರಿನಷ್ಟು ಹಣವೆಲ್ಲ ಕೊನೆಗೆ ಮಾಂಸಕ್ಕೆ ಹೊಗೆ ಕೊಡುವ ನೆರೆಮನೆಯವರ ಒಲೆ ಸೇರಿತು.

ಈಗ ಮೇ ಕೊನೆಯಿಂದ ಜೂನ್ ನಡುವೆ, ಮರದಲ್ಲಿ ರಸ ಏರಿರುವಾಗಲೇ ಕಡಿಯುತ್ತೇನೆ. ಎಂಟು ಹತ್ತು ಅಂಗುಲ ದಪ್ಪದ, ತಿರುಚಿಲ್ಲದ ಶ್ಯಾಗ್‌ಬಾರ್ಕ್ ಅಥವಾ ಪಿಗ್‌ನಟ್ ಜಾತಿಯ ಹಿಕರಿ ಸಾಕು. ಹಿಕರಿಯ ನಾರು ಬೆಣೆಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ; ಬಿರುಕಿನ ನಡುವೆ ಉಳಿಯುವ ಎಳೆಗಳನ್ನು ಸಣ್ಣ ಕೊಡಲಿಯಿಂದ ಕಡಿಯುತ್ತಲೇ ಮುಂದುವರಿಯಬೇಕು. ಸೀಳಿದ ದಿನವೇ ತುದಿಯಲ್ಲಿ ತೊಗಟೆಯನ್ನು ಮೀಟಿ ಎಳೆದರೆ ಅಡಿಕೆ ಹಾಳೆ ಕಳಚಿದಂತೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಕೆಳಗೆ ಕಾಣುವ ತೊಯ್ದ, ನುಣುಪಾದ ಮೇಲ್ಮೈಯೇ ಬಿಲ್ಲಿನ ಬೆನ್ನು. ಅದಕ್ಕೆ ಉಳಿ ತಾಗಿಸುವ ಅಗತ್ಯವೇ ಇಲ್ಲ. ಬೆನ್ನಿಗೆ ಶೆಲ್ಯಾಕ್ (ಅರಗಿನ ಮೆರುಗೆಣ್ಣೆ), ಎರಡೂ ತುದಿಗಳಿಗೆ ಎರಡೆರಡು ಸಲ ಮರದ ಅಂಟು ತಕ್ಷಣ ಬಳಿಯಬೇಕು; ಮರುದಿನಕ್ಕೆ ಮುಂದೂಡಿದರೆ ಬಿರುಕು ಕಾಯುತ್ತಾ ಕೂರುವುದಿಲ್ಲ.

ಒಣಗಿಸುವುದರಲ್ಲಿಯೇ ಎಲ್ಲವೂ ಇದೆ. ಇಡೀ ಸೀಳನ್ನು ವರ್ಷಗಟ್ಟಲೆ ಕಾಯಿಸುವ ಬದಲು ಹಸಿಯಿರುವಾಗಲೇ ಎರಡು ಅಂಗುಲ ಅಗಲಕ್ಕೆ, ಹಿಡಿಯ ಎರಡೂ ಕಡೆಯ ತೋಳುಗಳನ್ನು ಮುಕ್ಕಾಲು ಅಂಗುಲ ದಪ್ಪಕ್ಕೆ ಇಳಿಸಿ, ತುದಿಗಳು ಬೆನ್ನಿನ ಕಡೆಗೆ ತುಸು ಬಾಗುವಂತೆ ಗಟ್ಟಿ ಹಲಗೆಗೆ ಕ್ಲಾಂಪುಗಳಿಂದ ಬಿಗಿಯುತ್ತೇನೆ. ಹೀಗೆ ನಾಲ್ಕೈದು ವಾರ ನೆರಳಿನಲ್ಲಿ ಇಟ್ಟ ಮೇಲೆ, ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ಮತ್ತೆ ಕೆಲವು ವಾರ. ಹಸಿ ಮರವನ್ನು ನೇರ ಪೆಟ್ಟಿಗೆಗೆ ಹಾಕಿದವರ ಸೀಳುಗಳು ನಡುವೆ ಬಿರುಕು ಬಿಟ್ಟದ್ದನ್ನು ನೋಡಿದ್ದೇನೆ. ತೇವಮಾಪಕಕ್ಕೆ ನಲವತ್ತು ಡಾಲರ್ ಕೊಟ್ಟೆ. ನಿಜಕ್ಕೂ ನೆರವಾದದ್ದು ಅಡುಗೆಮನೆಯ ತಕ್ಕಡಿ. ಎರಡು ಮೂರು ದಿನಕ್ಕೊಮ್ಮೆ ತೂಗಿ, ಗ್ರಾಮ್ ಲೆಕ್ಕವನ್ನು ಮರದ ಮೇಲೆಯೇ ಪೆನ್ಸಿಲಿನಿಂದ ಬರೆಯುತ್ತೇನೆ. ತೂಕ ಇಳಿಯುವುದು ನಿಂತಾಗ ಮಾಪಕ ಶೇಕಡ 7ರ ಸುತ್ತ ತೋರಿಸುತ್ತದೆ. ಪೆಟ್ಟಿಗೆಯೊಳಗೆ ಗಾಳಿ ಆಡಲು ನಾನು ಮಾಡಿಕೊಂಡಿರುವ ಏರ್ಪಾಡೊಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಪೆಟ್ಟಿಗೆಗೆ ಒಟ್ಟು ಅರವತ್ತು ಡಾಲರ್ ಆಗಿರಬಹುದು.

ಸುಲಿದ ಒಳತೊಗಟೆಯನ್ನು ಎಸೆಯಲು ಮನಸ್ಸಾಗಲಿಲ್ಲ. ಅಪಲಾಚಿಯನ್ ಬೆಟ್ಟಗಳ ಕಡೆಯವರು ಅದರ ಪಟ್ಟಿಗಳಿಂದ ಕುರ್ಚಿ ಹೆಣೆಯುತ್ತಾರೆ. ನಾನು ಹಿಡಿಗೆ ಸುತ್ತಿದೆ. ಹಸಿಯಾಗಿ ಸುತ್ತಿದ್ದು ಒಣಗಿ ಸಡಿಲವಾಯಿತು. ಒಣಗಿಸಿ, ಮತ್ತೆ ನೆನೆಸಿ ಸುತ್ತಿದ್ದು ಇನ್ನೂ ಗಟ್ಟಿಯಾಗಿದೆ. ಬಿಲ್ಲಿನ ಹೊಟ್ಟೆಯ, ಅಂದರೆ ಬಿಲ್ಲುಗಾರನ ಕಡೆಗಿರುವ ಭಾಗವನ್ನು, ಬಿಸಿಗಾಳಿ ಊದುವ ಹೀಟ್‌ಗನ್ನಿನಿಂದ ಕಂದು ಬಣ್ಣಕ್ಕೆ ತಿರುಗುವ ತನಕ ಕಾಯಿಸಿದ್ದು ಹೆಚ್ಚು ಲಾಭ ತಂದಿತು: ಎಳೆತಕ್ಕೆ ಗಟ್ಟಿಯಾದ ಹಿಕರಿ ಒತ್ತಡಕ್ಕೆ ಅಷ್ಟು ಗಟ್ಟಿಯಲ್ಲ, ಕಾಯಿಸಿದ ಮೇಲೆ ಅದೇ ಬಿಲ್ಲನ್ನು ಎಳೆಯಲು ನಾಲ್ಕೈದು ಪೌಂಡ್ ಹೆಚ್ಚು ಬಲ ಬೇಕಾಯಿತು. ಕಾಯಿಸಿದ ಬಿಲ್ಲನ್ನು ವಾರದ ಮಟ್ಟಿಗಾದರೂ ಬಾಗಿಸಬಾರದು, ಬೆನ್ನಿಗೆ ಬಿಸಿ ತಾಗಬಾರದು. ಈ ಸಲ ಬಿಟರ್‌ನಟ್ ಎಂಬ ಇನ್ನೊಂದು ಜಾತಿಯ ಹಿಕರಿಯ ಸೀಳುಗಳೆರಡು ಪೆಟ್ಟಿಗೆಯಲ್ಲಿವೆ, ತೂಕ ಇನ್ನೂ ಇಳಿಯುತ್ತಿದೆ.